ಟ್ರೋಲ್

ಸಾಗುವ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗಿ ಮೀನು ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಟ್ರೋಲಿಂಗ್’ ಎನ್ನುತ್ತಾರೆ. (ಮಲ್ಪೆ, ಮಂಗಳೂರಿನ ಟ್ರಾಲ್ ಬೋಟು ಬೇರೆ, ಅದು ಎಳೆಯುವುದು ಬಲೆಯನ್ನು.) 1990ರ ದಶಕದ ಆರಂಭದಲ್ಲಿ ಯೂಸ್‌ನೆಟ್ ಎಂಬ ಆನ್‌ಲೈನ್ ಚರ್ಚಾಗುಂಪುಗಳ ಹಳಬರು, ಚರ್ಚಿಸಿ ಸವೆದುಹೋದ ಪ್ರಶ್ನೆಯೊಂದನ್ನು ಬೇಕೆಂದೇ ಎಸೆದು, ಹೊಸಬರು ಕಚ್ಚುತ್ತಾರೆಯೇ ಎಂದು ಕಾಯುತ್ತಿದ್ದರು. ಪದದ ಇಂದಿನ ಅರ್ಥ ಬೆಳೆದದ್ದು ಅಲ್ಲಿಂದ. ಸ್ಕ್ಯಾಂಡಿನೇವಿಯಾದ ಜನಪದ ಕಥೆಗಳ ಕುರೂಪಿ ದೈತ್ಯನ ಹೆಸರೂ ‘ಟ್ರೋಲ್’ ಆದ್ದರಿಂದ, ಹಾಗೆ ಕೆಣಕುವವನಿಗೇ ಆ ಹೆಸರು ಅಂಟಿಕೊಂಡಿತು.

ಕನ್ನಡದಲ್ಲಿ ‘ಟ್ರೋಲ್ ಮಾಡಿದರು’, ‘ಟ್ರೋಲ್ ಆದ’ ಎಂಬ ಪ್ರಯೋಗಗಳು ನೆಲೆಯೂರಿವೆ, ಮಾಡುವವರು ‘ಟ್ರೋಲಿಗರು’. ಸಿನಿಮಾ ಡೈಲಾಗ್ ಅಂಟಿಸಿ ರಾಜಕಾರಣಿಯ ಕಾಲೆಳೆಯುವುದೂ ಟ್ರೋಲ್, ಹೆಣ್ಣುಮಗಳೊಬ್ಬಳ ಫೋಟೊ ಕೆಳಗೆ ಗುಂಪುಕಟ್ಟಿಕೊಂಡು ಹೊಲಸು ಬರೆಯುವುದೂ ಟ್ರೋಲ್. ಈ ಬೆರಕೆ ನನಗೆ ಒಪ್ಪಿಗೆಯಿಲ್ಲ. ಮೊದಲನೆಯದು ಗೇಲಿ, ಎರಡನೆಯದು ಕಿರುಕುಳ, ಅದನ್ನು ಕಿರುಕುಳವೆಂದೇ ಕರೆಯಬೇಕು. ಬರಿಯ ಕೆಣಕಾಟವಾದರೆ ಉತ್ತರ ಕೊಡದೆ ಬ್ಲಾಕ್ ಮಾಡಿದರೆ ಮುಗಿಯಿತು. ಕಿರುಕುಳಕ್ಕೆ ಮೌನ ಸಾಲದು: ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ನಿಮ್ಮ ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ದೂರು ಕೊಡಿ.