ಅಜ್ಜಂಪುರದ ಹುಲ್ಲು, ಶ್ರೀರಂಗಪಟ್ಟಣದ ಫಿರಂಗಿ

ಬೆಂಗಳೂರಿಂದ ಹುಬ್ಬಳ್ಳಿ ಕಡೆಗೆ ರೈಲಲ್ಲಿ ಹೋಗಿದ್ದೀರಾ? ಹೋಗಿದ್ರೆ ಬೀರೂರು ನೆನಪಿರುತ್ತೆ. ಅಲ್ಲಿ ಹಳಿ ಎರಡಾಗುತ್ತೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಅಂದ್ರೆ ಅಡಿಕೆ ತೋಟದ ಕಡೆಗೆ. ಇನ್ನೊಂದು ಬಯಲಿನ ಕಡೆಗೆ. ಈ ಎರಡನೇ ಹಳಿಯಲ್ಲಿ ಬರೋ ಸಣ್ಣ ಊರೇ ಅಜ್ಜಂಪುರ. ನೀವು ಬಹುಶಃ ಆಗ ಮೊಬೈಲ್ ನೋಡ್ತಾ ಇದ್ರಿ, ಊರು ದಾಟಿಹೋಯ್ತು.

ಇವತ್ತಿನ ಸಂಚಿಕೆ ಆ ಊರಿನದ್ದು. ತುಂಬಾ ಕಾಲ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ ಆಗಿತ್ತು, ಕೆಲವೇ ವರ್ಷಗಳ ಹಿಂದೆ ತಾನೇ ತಾಲ್ಲೂಕಾಯ್ತು, ಈಗ ಪಟ್ಟಣ ಪಂಚಾಯಿತಿ. ಈ ಭಾಗಕ್ಕೆ ಹೆಸರು ಬದಲಾಗೋದು ಹೊಸದೇನಲ್ಲ. ಇಡೀ ಚಿಕ್ಕಮಗಳೂರು ಜಿಲ್ಲೆಯನ್ನೇ 1947ರವರೆಗೆ 'ಕಡೂರು ಜಿಲ್ಲೆ' ಅಂತಿದ್ರು ಅಂದ್ರೆ ನನ್ನ ಸ್ನೇಹಿತರು ಇವತ್ತಿಗೂ ನಂಬಲ್ಲ.

ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು ಹರಾಜು ನೋಡೋಕೆ. ಅಜ್ಜಂಪುರದಲ್ಲಿ ಸರ್ಕಾರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಅಲ್ಲಿ ಬೆಳೆದ ಗಂಡು ಕರುಗಳನ್ನು ಹರಾಜು ಹಾಕ್ತಾರೆ. ಬೂದು ಮೈ, ಎತ್ತರದ ಭುಜ, ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾಗೋ ಉದ್ದ ಕೊಂಬು. ಕೊಟ್ಟಿಗೆ ಕಂಡ ಪ್ರಾಣಿಗಳಲ್ಲ, ಬಯಲಲ್ಲೇ ಹುಟ್ಟಿ ಬಯಲಲ್ಲೇ ಬೆಳೆದವು. ಹಗ್ಗ ಹಾಕೋಕೆ ಹೋದವರನ್ನು ಅವು ನೋಡೋ ನೋಟಕ್ಕೆ ನಾನಂತೂ ಬೇಲಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಜೋಡಿಗೆ ಲಕ್ಷ ದಾಟಿ ಕೂಗ್ತಿದ್ರು. ಪಕ್ಕದಲ್ಲಿದ್ದ ಯಜಮಾನರೊಬ್ಬರನ್ನು 'ಉಳೋಕಾ?' ಅಂತ ಕೇಳಿದೆ. ನಕ್ಕುಬಿಟ್ರು. 'ಉಳೋಕೆ ಟ್ರ್ಯಾಕ್ಟರ್ ಇಲ್ವೇನಪ್ಪಾ?'

ಹಾಗಾದ್ರೆ ಯಾಕೆ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಮೈಸೂರಿನ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದವರು. ಅರಮನೆಗೆ ಹಾಲು, ಬೆಣ್ಣೆ ಒದಗಿಸೋ ದನಗಳಿಗೆ ಅವರ ಕಾಲದಲ್ಲಿ ಒಂದು ಇಲಾಖೆಯೇ ಇತ್ತು. ಹೆಸರು 'ಬೆಣ್ಣೆ ಚಾವಡಿ'. ಈ ದನ ಮೇಯೋಕೆ ಅಂತ ರಾಜ್ಯದ ಉದ್ದಗಲಕ್ಕೂ ಹುಲ್ಲುಗಾವಲು ಬಿಟ್ಟಿದ್ರು. ಅವೇ ಕಾವಲುಗಳು. ಹೈದರಾಲಿಗೆ ಬೆಣ್ಣೆಗಿಂತ ಎತ್ತು ಮುಖ್ಯ ಆಯ್ತು. ಫಿರಂಗಿ ಎಳೆಯೋಕೆ, ಮದ್ದುಗುಂಡು ಹೊರೋಕೆ ಇಷ್ಟು ಚುರುಕಿನ ಪ್ರಾಣಿ ಬೇರೆ ಇರಲಿಲ್ಲ. ಟಿಪ್ಪು ಇದನ್ನು ಇನ್ನೂ ಬಿಗಿ ಮಾಡಿ, 'ಅಮೃತ್ ಮಹಲ್' ಅಂತ ಹೆಸರಿಟ್ಟ. ಚಿದಂಬರದ ನೆರವಿಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೀತು, ಅದು ಈ ಎತ್ತುಗಳಿಂದ ಅಂತ ಹಳೇ ಗೆಜೆಟಿಯರ್‌ಗಳು ಬರೆಯುತ್ತವೆ. ಲೆಕ್ಕದಲ್ಲಿ ಒಂಚೂರು ಉತ್ಪ್ರೇಕ್ಷೆ ಇರಬಹುದು. ಆದರೆ ಎದುರಾಳಿಗಳೇ ಹೊಗಳಿದ್ದು ನಿಜ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನವೂ ಕಾವಲೂ ಬ್ರಿಟಿಷರ ಪಾಲಾದವು.

(ಒಂದು ಮಾತು, ಗೊಂದಲ ಬೇಡ. ತರೀಕೆರೆ ಹತ್ರ ಇರೋ ಅಮೃತಾಪುರ ಬೇರೆ. ಅದು 1196ರಲ್ಲಿ ಹೊಯ್ಸಳ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ದೇವಸ್ಥಾನದ ಊರು. ಈ ದನಕ್ಕೂ ಅದಕ್ಕೂ ಸಂಬಂಧ ಇಲ್ಲ.)

ನನಗೆ ಯುದ್ಧಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಹುಲ್ಲಿನ ಲೆಕ್ಕಾಚಾರ. ಎಲ್ಲ ಕಾವಲೂ ಒಂದೇ ಅಲ್ಲ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಮೂರು ವಿಧ. ಬೇಸಿಗೆಯದ್ದಕ್ಕೆ ನೆರಳು ಬೇಕು, ಬತ್ತದ ನೀರು ಬೇಕು, ಹಾಗಾಗಿ ಅದು ಎಲ್ಲಕ್ಕಿಂತ ಬೆಲೆಬಾಳೋದು. ದನ ಋತು ನೋಡ್ಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗ್ತಿತ್ತು, ಬಿಟ್ಟುಬಂದ ಕಡೆ ಹುಲ್ಲು ಮತ್ತೆ ಚಿಗುರ್ತಿತ್ತು. ಈಗ ನಕ್ಷೆಯಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ನೋಡಿ. ಪಶ್ಚಿಮಕ್ಕೆ ಬಾಬಾಬುಡನ್‌ಗಿರಿಯ ತಪ್ಪಲು, ಭದ್ರೆಯ ಕಾಡು. ಪೂರ್ವಕ್ಕೆ ವೇದಾವತಿ ಹರಿಯೋ ಒಣ ಸೀಮೆ. ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ದನ ಸುತ್ತಾಡಿಸೋಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗುತ್ತೆ? ಅಜ್ಜಂಪುರ, ಬೀರೂರು, ಬಾಸೂರು, ಲಿಂಗದಹಳ್ಳಿ ಸುತ್ತ ಇವತ್ತಿಗೂ ಕಾವಲು ಉಳಿದಿರೋದು ಅದಕ್ಕೇ ಅಂತ ನನ್ನ ಅನಿಸಿಕೆ.

ಉಳಿದಿದೆ ಅಂದೆ. ಎಷ್ಟೋ ಹೋಗಿದೆ ಅಂತಲೂ ಹೇಳಬೇಕು. 1860ರಲ್ಲಿ ಖರ್ಚು ಉಳಿಸೋಕೆ ಅಂತ ಬ್ರಿಟಿಷರು ಹಿಂಡನ್ನೇ ಮಾರಿಬಿಟ್ರು. ಸೈನ್ಯಕ್ಕೆ ಎತ್ತು ಸಿಗದೆ ಒದ್ದಾಡಿ, ಅದೇ ದಶಕದಲ್ಲಿ ಮತ್ತೆ ಹಿಂಡು ಕಟ್ಟಿದ್ರು. ದನವನ್ನೇನೋ ಹೀಗೆ ವಾಪಸ್ ತರಬಹುದು. ಹುಲ್ಲುಗಾವಲು ಹಾಗಲ್ಲ. ಸ್ವಾತಂತ್ರ್ಯ ಬಂದಮೇಲೆ ಕಾವಲಿನ ಒಂದಷ್ಟು ಭಾಗ ಉಳುಮೆಗೆ ಹೋಯ್ತು, ಒಂದಷ್ಟರಲ್ಲಿ ನೀಲಗಿರಿ ನೆಟ್ರು. ಆ ಕಡೆ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿತು. ಪ್ರತಿ ಸಲವೂ ಕಾರಣ ಒಂದೇ: ಮರ ಇಲ್ಲ, ಬೆಳೆ ಇಲ್ಲ, ಅಂದ್ಮೇಲೆ ಇದು ಪಾಳು ಭೂಮಿ.

ಆ ಪಾಳು ಭೂಮಿಯಲ್ಲಿ ಏನಿದೆ ಅಂತ ನೋಡೋಕೆ ಕಡೂರು ತಾಲ್ಲೂಕಿನ ಬಾಸೂರಿಗೆ ಹೋಗಬೇಕು. ಅಲ್ಲಿನ ಅಮೃತ್ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ರು. ವಿಸ್ತಾರ ಸುಮಾರು 7 ಚದರ ಕಿಲೋಮೀಟರ್, ಅಷ್ಟೇ. ನಾನು ಹೋದ ದಿನ ತೋಳ ಕಾಣಲಿಲ್ಲ. ಕೃಷ್ಣಮೃಗ ಕಂಡವು. ಗಾಳಿಗೆ ಹುಲ್ಲು ಒಂದೇ ಕಡೆ ವಾಲಿದಾಗ ಕೊಂಬು ಮಾತ್ರ ಮೇಲೆ ಕಾಣ್ತಿತ್ತು. ದನಕ್ಕೆ ಅಂತ ಕಾಯ್ದ ಹುಲ್ಲು ಇವನ್ನೂ ಕಾಯ್ದಿದೆ.

ಈಗ ಆ ಯಜಮಾನರ ನಗುವಿಗೆ ಬರೋಣ. ಹರಾಜಿಗೆ ಹಾವೇರಿ, ಶಿವಮೊಗ್ಗ, ದಾವಣಗೆರೆ ಕಡೆಯಿಂದೆಲ್ಲ ಜನ ಬರ್ತಾರೆ. ಕೆಲವರಿಗೆ ಹೋರಿ ಹಬ್ಬಕ್ಕೆ ಬೇಕು. ಫಿರಂಗಿ ಎಳೆದ ವಂಶ ಈಗ ಕೊಬ್ಬರಿ ಹಾರ, ಬಲೂನು ಕಟ್ಕೊಂಡು ಓಡುತ್ತೆ! ಇನ್ನು ಕೆಲವರಿಗೆ ಜಾತ್ರೆ. ಅಜ್ಜಂಪುರದ ಹತ್ತಿರವೇ ಅಂತರಘಟ್ಟೆ ಇದೆ, ದುರ್ಗಾಂಬೆಯ ಊರು. ಜಾತ್ರೆಗೆ ತರೀಕೆರೆ, ಭದ್ರಾವತಿ ಕಡೆ ಹಳ್ಳಿಗಳಿಂದ ಜನ ಎತ್ತಿನ ಗಾಡಿ ಕಟ್ಕೊಂಡೇ ಬರ್ತಾರೆ. ಮನೇಲಿ ಬೈಕಿದೆ, ಕಾರಿದೆ, ಆದ್ರೂ ಗಾಡಿ.

ಆ ದಿನ ಜೋಡಿ ಕೊಂಡ ಹುಡುಗನಿಗೆ ಹೆಚ್ಚಂದ್ರೆ ಇಪ್ಪತ್ತೈದು ವಯಸ್ಸು. ಕಿವಿಯಲ್ಲಿ ಇಯರ್‌ಬಡ್. 'ವರ್ಷವೆಲ್ಲಾ ಏನು ಮೇಯಿಸ್ತೀಯಾ?' ಅಂತ ಕೇಳಿದೆ. 'ನಮ್ಮೂರಲ್ಲಿ ಗೋಮಾಳ ಎಲ್ಲಿದೆ ಅಣ್ಣಾ? ಮೇವು ಕೊಂಡು ತರ್ತೀನಿ' ಅಂದ. ಅಷ್ಟೊತ್ತಿಗೆ ಅವನ ಹೋರಿ ಲಾರಿ ಹತ್ತಲ್ಲ ಅಂತ ಹಟ ಹಿಡಿದಿತ್ತು. ಆರು ಜನ ಹಗ್ಗ ಹಿಡಿದು ಎಳೀತಿದ್ರು, ಅದು ಮಾತ್ರ ಕಾವಲಿನ ಕಡೆಗೇ ತಿರುಗಿ ನಿಂತಿತ್ತು.