ಶಾಸನದ ಮುಂದೆ ಸೆಲ್ಲಿನ ಚರಿತ್ರೆ

ಸುರಪುರ ತಾಲೂಕಿನ ಕೆಂಭಾವಿಯ ಹೆಸರನ್ನು ತಾವು ಕೇಳಿರಬಹುದು. ಬಸವಪುರಾಣ ಬಲ್ಲವರಿಗೆ ಅದು ಕೆಂಭಾವಿ ಭೋಗಯ್ಯನ ಊರು. ಊರವರು ಅವನನ್ನು ಹೊರಹಾಕಿದಾಗ ಗುಡಿಗುಡಿಯ ಲಿಂಗಗಳೂ ಅವನ ಬೆನ್ನು ಹತ್ತಿ ಹೊರಟುವೆಂಬ ಕಥೆ ಅಲ್ಲಿಯದು. ಚರಿತ್ರೆಯ ಹುಚ್ಚುಳ್ಳವರಿಗಾದರೋ ಅದು ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳ ಊರು. ಹಾಗೆ ಹುಚ್ಚು ಹಿಡಿದು ಒಮ್ಮೆ ಅಲ್ಲಿಗೆ ಹೋದವರಲ್ಲಿ ನಾನೂ ಒಬ್ಬ. ಕೈಯಲ್ಲಿ ಒಂದು ಡಿಜಿಟಲ್ ಕ್ಯಾಮೆರಾ; ಅದರ ಹೊಟ್ಟೆಯಲ್ಲಿ ಅಂದು ಬೆಳಿಗ್ಗೆ ಅಂಗಡಿಯಲ್ಲಿ ಕೊಂಡ ನಾಲ್ಕು ಪೆನ್ಸಿಲ್ ಸೆಲ್ಲು.

ಶಾಸನದ ಚಿತ್ರ ತೆಗೆಯಲು ನಡುಹಗಲು ಕೆಲಸಕ್ಕೆ ಬಾರದು. ಬಿಸಿಲು ನೆತ್ತಿಯ ಮೇಲಿರುವಾಗ ಸವೆದ ಅಕ್ಷರಗಳು ಕಲ್ಲಿನಲ್ಲಿ ಕರಗಿಬಿಡುತ್ತವೆ. ಸಂಜೆ ಐದರ ಮೇಲೆ ಬೆಳಕು ಓರೆಯಾಗಿ ಬಿದ್ದಾಗ, ಒಂದೊಂದು ಗೀಟಿನ ಅಂಚಿಗೂ ನೆರಳು ಕಟ್ಟಿ, ಸಾಲುಗಳು ಎದ್ದು ನಿಲ್ಲುತ್ತವೆ. ಆ ಮುಕ್ಕಾಲು ಗಂಟೆಗಾಗಿಯೇ ದಿನವೆಲ್ಲ ಕಾಯುವುದು. ಬೆಳಕು ಬಂದಿತು, ಅಕ್ಷರ ಎದ್ದಿತು, ಕ್ಯಾಮೆರಾ ಮಾತ್ರ ಕಣ್ಣು ಮುಚ್ಚಿತು. ಹಗಲಲ್ಲಿ ನಾನು ತೆಗೆದಿದ್ದುದು ಮೂವತ್ತು ಚಿತ್ರಗಳೂ ಇರಲಾರವು. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನೊಬ್ಬನು ನನ್ನ ಪಾಡು ನೋಡಿ, “ತಮ್ಮಾ, ಶೆಲ್ಲ ಬಿಸಿಲಿಗಿಡು, ಮತ್ತ ಹಾಡ್ತದ” ಎಂದನು. ಬಿಸಿಲು ಇಳಿಯುತ್ತಿತ್ತು, ಇಟ್ಟು ಫಲವಿರಲಿಲ್ಲ.

ಅಜ್ಜನ ಮಾತಿನಲ್ಲಿ ಒಂದು ಕಾಲದ ಚರಿತ್ರೆಯೇ ಅಡಗಿತ್ತು. ಸೆಲ್ಲು ಹಾಡುವುದೆಂದರೆ ರೇಡಿಯೋ ಹಾಡುವುದು. ವಿದ್ಯುತ್ತು ಬಾರದ ಹಳ್ಳಿಗಳಲ್ಲಿ ವಾಲ್ವಿನ ರೇಡಿಯೋ ನಡೆಯಬೇಕಾದರೆ ಎರಡು ಬಗೆಯ ಬ್ಯಾಟರಿ ಬೇಕಾಗುತ್ತಿತ್ತು: ವಾಲ್ವಿನ ತಂತಿಯನ್ನು ಕಾಯಿಸಲು ಒಂದು ಸಣ್ಣ ವೋಲ್ಟಿನದು, ಅದರ ಮೇಲೆ ತೊಂಬತ್ತು ವೋಲ್ಟಿನ ಆಸುಪಾಸಿನ ಇನ್ನೊಂದು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಅದರ ರೇಡಿಯೋ ಮಾರಾಟಕ್ಕೆ ಬಂದಿತು. ಅಲ್ಲಿಂದ ಮುಂದೆ ಕೆಲವೇ ಸೆಲ್ಲುಗಳಲ್ಲಿ ತಿಂಗಳುಗಟ್ಟಲೆ ಕೇಳುವಂತಾಯಿತು. 1966ರಲ್ಲಿ ಗುಲಬರ್ಗಾದ ಆಕಾಶವಾಣಿ ಆರಂಭವಾದಾಗ ಹೊಲದ ಬದುವಿನ ಮೇಲೆ ಅದನ್ನು ಕೇಳಿದ್ದು ಈ ಸೆಲ್ಲಿನ ದಯೆಯಿಂದ. ದನಿ ಕುಗ್ಗಿದಾಗ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ನಡೆಸುತ್ತಿದ್ದರು. ಅದು ಬರಿಯ ನಂಬಿಕೆಯಲ್ಲ. ವಿಶ್ರಾಂತಿ ಕೊಟ್ಟರೆ ಸತುವಿನ ಸೆಲ್ಲು ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಬೆಚ್ಚಗಾದರೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತದೆ. ಆದರೆ ಮುಗಿದ ಸತುವು ಮತ್ತೆ ಹುಟ್ಟಿ ಬಾರದು.

ಹಾಗಾದರೆ ಮತ್ತೆ ಹುಟ್ಟಿ ಬರುವ ಸೆಲ್ಲು ಯಾವುದು? ಅದನ್ನು ತಿಳಿಯದೆ ಕ್ಯಾಮೆರಾ ಹೊತ್ತು ಹೊರಡುವುದು ಬುತ್ತಿ ಕಟ್ಟದೆ ಜಾತ್ರೆಗೆ ಹೊರಟಂತೆ.

ನಮ್ಮ ಸೀಮೆಯ ಹಳೆಯ ಕುರುಹುಗಳನ್ನು ಮೊದಲು ದಾಖಲಿಸಿದವರಿಗೆ ಈ ಚಿಂತೆ ಇರಲಿಲ್ಲ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರನು ರಾಜನ ಕೋಳೂರಿನ ಕಲ್ಲುಮನೆಗಳನ್ನೂ ಜೇವರ್ಗಿಯ ಕಡೆಯ ಕಲ್ಗುಪ್ಪೆಗಳನ್ನೂ ಕುರಿತು ಬರೆದನು. ಅವನು ಚಿತ್ರ ಬರೆಯುವುದರಲ್ಲಿಯೂ ಪಳಗಿದ ಕೈ. 1855ರಲ್ಲಿ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಕಾಗದದ ನೆಗೆಟಿವಿನ ಮೇಲೆ ಸೆರೆಹಿಡಿದನು. ಅವನ ಚಿತ್ರಗಳೂ ಡಾಕ್ಟರ್ ಪಿಗೂ, ನೀಲ್ ಎಂಬವರ ಚಿತ್ರಗಳೂ ಸೇರಿ, ಟೇಲರನದೇ ಪೀಠಿಕೆಯೊಡನೆ, 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಹೊರಟವು. ಅವರ ಕ್ಯಾಮೆರಾಕ್ಕೆ ಮರದ ಪೆಟ್ಟಿಗೆ, ಮಸೂರ, ಔಷಧಿ ಹಚ್ಚಿದ ಕಾಗದ ಇಷ್ಟು ಸಾಕು. ಉಳಿದುದೆಲ್ಲ ಸೂರ್ಯನ ಕೆಲಸ. ಸೆಲ್ಲಿನ ಹಂಗು ಬಂದದ್ದು ಬಹಳ ತಡವಾಗಿ.

ಆದರೆ ಮತ್ತೆ ಮತ್ತೆ ತುಂಬಬಲ್ಲ ಸೆಲ್ಲು ಹುಟ್ಟಿದ್ದು ಅದೇ ದಿನಗಳಲ್ಲಿ! 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸದ ಎರಡು ತಗಡುಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಅದ್ದಿದನು. ವಿದ್ಯುತ್ತನ್ನು ಹಾಯಿಸಿದರೆ ಅದು ತುಂಬಿಕೊಳ್ಳುವುದು, ಬೇಕೆಂದಾಗ ಹಿಂದಿರುಗಿಸುವುದು. ವಿನೋದವೆಂದರೆ, ಆಗ ಒಳ್ಳೆಯ ಡೈನಮೋ ಇರಲಿಲ್ಲವಾಗಿ, ಮರುತುಂಬುವ ಈ ಸೆಲ್ಲನ್ನು ತುಂಬಲು ಮುಗಿದುಹೋಗುವ ಸೆಲ್ಲುಗಳೇ ಬೇಕಾಗಿದ್ದುವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿಯಿತು. ನಿಜಾಮನ ಸೀಮೆಯ ನಮ್ಮ ಹಳ್ಳಿಗಳು ಅದಕ್ಕಾಗಿ ದಶಕಗಳನ್ನೇ ಕಾದುವು. ಪ್ಲಾಂಟೆಯ ಸೀಸದ ಬ್ಯಾಟರಿ ಇಂದಿಗೂ ಟ್ರಾಕ್ಟರಿನಲ್ಲಿದೆ, ಮನೆಯ ಇನ್ವರ್ಟರಿನಲ್ಲಿದೆ. ಕೊರಳಿಗೆ ತೂಗುಹಾಕುವ ಕ್ಯಾಮೆರಾಕ್ಕೆ ಮಾತ್ರ ಅದು ತೀರ ಭಾರ.

1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಸೀಸವನ್ನು ಬಿಟ್ಟು ನಿಕ್ಕಲ್ ಮತ್ತು ಕ್ಯಾಡ್ಮಿಯಮ್ ಲೋಹಗಳನ್ನು ಹಿಡಿದನು. ಈ ಸೆಲ್ಲನ್ನು ಪೂರ್ತಿ ಮುಚ್ಚಿ ಮುದ್ರಿಸುವ ಉಪಾಯ ದೊರೆತ ಮೇಲೆ ಅದು ಕೈಗೂಸಾಯಿತು. 1975ರ ಡಿಸೆಂಬರಿನಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿದ್ದುದೂ ಇಂಥ ಸೆಲ್ಲುಗಳೇ, ಹದಿನಾರು. ಕ್ಯಾಮೆರಾದ ತೂಕ ಸುಮಾರು 3.6 ಕಿಲೋ, ಅದರ ಚಿತ್ರದಲ್ಲಿ ಅಡ್ಡಕ್ಕೆ ನೂರು, ಉದ್ದಕ್ಕೆ ನೂರು ಚುಕ್ಕೆ, ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು. ಅದರಿಂದ ಕೆಂಭಾವಿಯ ಶಾಸನದ ಒಂದು ಅಕ್ಷರವನ್ನು ಓದಬಹುದಿತ್ತೇನೋ, ಒಂದು ಸಾಲನ್ನಲ್ಲ.

ಕ್ಯಾಡ್ಮಿಯಮ್ ವಿಷ. ಅದರ ಸ್ಥಾನಕ್ಕೆ ಜಲಜನಕವನ್ನು ಹೀರಿಟ್ಟುಕೊಳ್ಳುವ ಮಿಶ್ರಲೋಹವನ್ನು ಹಾಕಿದ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು 1990ರ ಹೊತ್ತಿಗೆ ಪೇಟೆಗೆ ಬಂದಿತು. ಪೆನ್ಸಿಲ್ ಸೆಲ್ಲು ಹಾಕುವ ಕ್ಯಾಮೆರಾ ಉಳ್ಳವರು ಕೊಳ್ಳಬೇಕಾದುದು ಇದನ್ನೇ. ಏಕೆಂದು ಕೇಳುವಿರಿ.

ಡಿಜಿಟಲ್ ಕ್ಯಾಮೆರಾ ಟಾರ್ಚಿನಂತಲ್ಲ. ಮಸೂರ ಹೊರಳುವಾಗ, ಫ್ಲ್ಯಾಷು ತುಂಬಿಕೊಳ್ಳುವಾಗ, ಪರದೆ ಉರಿಯುವಾಗ ಅದು ಒಮ್ಮೆಲೇ ಬಹಳ ವಿದ್ಯುತ್ತನ್ನು ಎಳೆಯುತ್ತದೆ. ಅಂಗಡಿಯ ಕ್ಷಾರದ ಸೆಲ್ಲು, ಅಂದರೆ ಆಲ್ಕಲೈನ್, ಒಂದು ದೊಡ್ಡ ಕೆರೆ; ಆದರೆ ಅದರ ತೂಬು ಚಿಕ್ಕದು. ಗಡಿಯಾರಕ್ಕೆ ವರ್ಷವೆಲ್ಲ ನೀರು ಕೊಟ್ಟೀತು. ಕ್ಯಾಮೆರಾ ಒಮ್ಮೆಲೇ ಕೇಳಿದಾಗ ಕೊಡಲಾರದು, ವೋಲ್ಟು ಕುಸಿಯುತ್ತದೆ, ಒಳಗೆ ಇನ್ನೂ ಸಾಕಷ್ಟು ಇರುವಾಗಲೇ ಕ್ಯಾಮೆರಾ “ಮುಗಿಯಿತು” ಎನ್ನುತ್ತದೆ. ಸತುವು-ಇಂಗಾಲದ ಅಗ್ಗದ ಸೆಲ್ಲಿನ ಪಾಡಂತೂ ಹೇಳುವುದೇ ಬೇಡ. ಹೈಡ್ರೈಡ್ ಸೆಲ್ಲಿನ ಮೇಲೆ 1.2 ವೋಲ್ಟು ಎಂದಿರುವುದನ್ನು ಕಂಡು, 1.5ಕ್ಕಿಂತ ಕಡಿಮೆಯಲ್ಲವೆ ಎಂದು ಹಿಂಜರಿಯುವವರುಂಟು. ಹೊರೆ ಬಿದ್ದಾಗ 1.5ರದು ಬೇಗ ಇಳಿದುಬಿಡುವುದು. ಇದು ಕೊನೆಯವರೆಗೂ 1.2ರ ಆಸುಪಾಸಿನಲ್ಲಿ ನಿಲ್ಲುವುದು. 1999ರ ನಿಕಾನ್ ಕೂಲ್‌ಪಿಕ್ಸ್ 950ರಂಥ ನಾಲ್ಕು ಸೆಲ್ಲಿನ ಕ್ಯಾಮೆರಾಗಳನ್ನು ಬಳಸಿದವರು ಈ ಪಾಠವನ್ನು ಹಣ ತೆತ್ತೇ ಕಲಿತರು.

ಹಳೆಯ ಹೈಡ್ರೈಡ್ ಸೆಲ್ಲಿಗೂ ಒಂದು ಕೆಟ್ಟ ಚಾಳಿಯಿತ್ತು. ತುಂಬಿಸಿ ಪೆಟ್ಟಿಗೆಯಲ್ಲಿಟ್ಟರೆ ತಿಂಗಳೊಳಗೆ ಕಾಲುಭಾಗದಷ್ಟು ತಾನಾಗಿಯೇ ಬರಿದಾಗುವುದು. ನಮ್ಮ ಬೇಸಗೆಯಲ್ಲಿ ಇನ್ನೂ ಹೆಚ್ಚು. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ಎನೆಲೂಪ್ ಎಂಬ ಹೆಸರಿನಲ್ಲಿ ಹೊರಡಿಸಿದ ಸೆಲ್ಲು ಈ ಸೋರಿಕೆಯನ್ನು ಬಹುಮಟ್ಟಿಗೆ ತಡೆಯಿತು. ವರ್ಷ ಕಳೆದರೂ ಬಹುಪಾಲು ಉಳಿದಿರುವುದು. ಈಗ ಬೇರೆ ಕಂಪನಿಗಳೂ ಇಂಥವನ್ನು ಮಾಡುತ್ತವೆ. ತಾವು ಕೊಳ್ಳುವಾಗ ಸೆಲ್ಲಿನ ಮೇಲೆ ಬರೆದ ಮಿಲಿ ಆಂಪಿಯರ್-ಗಂಟೆಯ ಅಂಕಿಗೆ ಮರುಳಾಗಬೇಡಿರಿ. ಪೆನ್ಸಿಲ್ ಗಾತ್ರದಲ್ಲಿ 2000ದ ಸೋರದ ಸೆಲ್ಲು, 2500ರ ಸೋರುವ ಸೆಲ್ಲಿಗಿಂತ ತಿರುಗಾಟಕ್ಕೆ ಲೇಸು. 3000ಕ್ಕಿಂತ ಮೇಲೆ ಬರೆದಿದ್ದರೆ ಅದನ್ನು ಅಂಗಡಿಯವನ ಕೈಗೇ ಮರಳಿಸಿರಿ. ಆ ಗಾತ್ರದ ಹೈಡ್ರೈಡ್ ಸೆಲ್ಲಿನಲ್ಲಿ ಅಷ್ಟು ಹಿಡಿಯುವುದಿಲ್ಲ.

ಸೆಲ್ಲಿಗಿಂತ ಮೊದಲು ಚಾರ್ಜರನ್ನು ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಅಗ್ಗದವು ಇಷ್ಟು ಗಂಟೆಯೆಂದು ಗಡಿಯಾರ ಹಿಡಿದು ತುಂಬುತ್ತವೆ. ನಮ್ಮಲ್ಲಿ ಕರೆಂಟು ಹೋಗಿ ಬರುವುದು ತಮಗೆ ಹೊಸದಲ್ಲ. ಬಂದಾಗಲೆಲ್ಲ ಆ ಗಡಿಯಾರ ಮೊದಲಿನಿಂದ ಎಣಿಸತೊಡಗುತ್ತದೆ, ತುಂಬಿದ ಸೆಲ್ಲಿಗೆ ಮತ್ತೆ ತುಂಬುತ್ತದೆ, ಸೆಲ್ಲು ಕಾದು ಆಯುಸ್ಸು ಕಳೆದುಕೊಳ್ಳುತ್ತದೆ. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿ, ತುಂಬಿದೊಡನೆ ನಿಲ್ಲಿಸುವ ಚಾರ್ಜರಿಗೆ ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳಿರಿ. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ತುಂಬಿಸುವುದನ್ನು ಬಿಟ್ಟು ರಾತ್ರಿ ತುಂಬಿಸಿರಿ. ನಾಲ್ಕು ಸೆಲ್ಲುಗಳ ಮೇಲೆ ಒಂದೇ ಗುರುತು ಬರೆದು ಅವನ್ನು ಒಟ್ಟಿಗೇ ದುಡಿಸಿರಿ. ಹಳತು ಹೊಸತು ಕೂಡಿಸಿದರೆ ದುರ್ಬಲವಾದುದು ಮೊದಲು ಬರಿದಾಗಿ ಉಳಿದವುಗಳ ಒತ್ತಡಕ್ಕೆ ಕೆಡುವುದು.

ಇನ್ನು ಲಿಥಿಯಮ್. 1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್ ಆರಂಭಿಸಿದ ಕೆಲಸವನ್ನು 1980ರಲ್ಲಿ ಆಕ್ಸ್‌ಫರ್ಡಿನ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡಿನಿಂದ ಬಲಪಡಿಸಿದರು. 1985ರಲ್ಲಿ ಜಪಾನಿನ ಯೋಶಿನೊ ಅದನ್ನು ಅಪಾಯವಿಲ್ಲದೆ ಬಳಸುವಂತೆ ರೂಪಿಸಿದರು. 1991ರಲ್ಲಿ ಸೋನಿ ಕಂಪನಿ ಮಾರಾಟಕ್ಕಿಟ್ಟಿತು. ಮೂವರಿಗೂ 2019ರಲ್ಲಿ ನೊಬೆಲ್ ಬಹುಮಾನ ಬಂದಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಒಂದೇ ಲಿಥಿಯಮ್ ಸೆಲ್ಲು ಮೂರು ಹೈಡ್ರೈಡ್ ಸೆಲ್ಲುಗಳಷ್ಟು ವೋಲ್ಟು ಕೊಡುವುದು, ತೂಕ ಕಡಿಮೆ, ಸೋರಿಕೆ ಅಲ್ಪ. ಇಂದಿನ ಕ್ಯಾಮೆರಾಗಳೂ ಜೇಬಿನ ಫೋನುಗಳೂ ಅದರ ಮೇಲೆಯೇ ನಿಂತಿವೆ.

ಗುಣವೇನೋ ದೊಡ್ಡದು, ತೊಡಕೆಂದರೆ ಒಂದೊಂದು ಕ್ಯಾಮೆರಾಕ್ಕೂ ಒಂದೊಂದು ಆಕಾರ. ಕ್ಯಾಮೆರಾ ಗಟ್ಟಿಮುಟ್ಟಾಗಿದ್ದರೂ ಅದರ ಬ್ಯಾಟರಿ ತಯಾರಾಗುವುದು ನಿಂತುಹೋದರೆ ಕಪಾಟು ಸೇರುವುದೇ ಗತಿ. ಪೆನ್ಸಿಲ್ ಸೆಲ್ಲಿನ ಹಳೆಯ ಕ್ಯಾಮೆರಾ ಇಪ್ಪತ್ತು ವರ್ಷದ ಮೇಲೂ ನಡೆದೀತು. ಲಿಥಿಯಮ್ ಕ್ಯಾಮೆರಾ ಇದ್ದವರು ಬ್ಯಾಟರಿ ಸಿಕ್ಕುವ ಕಾಲದಲ್ಲಿಯೇ ಇನ್ನೊಂದನ್ನು ತೆಗೆದುಕೊಂಡು, ಎರಡನ್ನೂ ಸರದಿಯ ಮೇಲೆ ಬಳಸುವುದು ಒಳ್ಳೆಯದು. ಬಹಳ ದಿನ ಬಳಸದಿದ್ದರೆ ಅರ್ಧ ತುಂಬಿಸಿ ತಂಪಿನಲ್ಲಿಡಬೇಕು. ತುಂಬಿದ ಲಿಥಿಯಮ್ ಸೆಲ್ಲಿಗೆ ಸೆಕೆಯಷ್ಟು ಶತ್ರು ಬೇರಿಲ್ಲ. ಮೋಟಾರ್ ಸೈಕಲ್ಲಿನ ಡಬ್ಬಿಯಲ್ಲಿ ಬಿಸಿಲಿಗೆ ಬಿಟ್ಟು ಹೋಗಬಾರದು. ಉಬ್ಬಿದುದನ್ನು ಮತ್ತೆ ತುಂಬಲೇಬಾರದು. ಪೆನ್ಸಿಲ್ ಸೆಲ್ಲಿನ ಗಾತ್ರದಲ್ಲಿಯೇ 3.7 ವೋಲ್ಟಿನ ಲಿಥಿಯಮ್ ಸೆಲ್ಲೂ ಸಿಕ್ಕುತ್ತದೆ. ಅಪ್ಪಿತಪ್ಪಿ ಅದನ್ನು ಹಾಕಿದರೆ ಕ್ಯಾಮೆರಾ ಸುಟ್ಟೀತು.

ಶಾಸನದ ಚಿತ್ರ ಫೋನಿನಲ್ಲಿಯೂ ಚೆನ್ನಾಗಿ ಬರುವುದೆನ್ನುವಿರಾ? ಬರುವುದು. ಗುಡಿಯ ಒಳಗಿನ ಕತ್ತಲೆಯ ಕಂಬದ ಮೇಲಿನ ಬರೆಹಕ್ಕೆ ಮಾತ್ರ ಪಕ್ಕದಿಂದ ಓರೆಯಾಗಿ ಬೆಳಕು ಚೆಲ್ಲುವ ಬಿಡಿ ಫ್ಲ್ಯಾಷು ಬೇಕು. ಅಂಥ ಬಹಳಷ್ಟು ಫ್ಲ್ಯಾಷುಗಳಿಗೆ ಇಂದಿಗೂ ನಾಲ್ಕು ಪೆನ್ಸಿಲ್ ಸೆಲ್ಲೇ ಆಹಾರ. ಪಿ. ಬಿ. ದೇಸಾಯಿಯವರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳ ಸಂಪುಟವನ್ನು 1958ರಲ್ಲಿ ಹೊರತಂದರು. ಶಾಸನವನ್ನು ಪ್ರತಿಮಾಡಲು ಒದ್ದೆ ಕಾಗದವನ್ನು ಕಲ್ಲಿಗೆ ಹೊಡೆದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದೇ ಆಗಿನ ದಾರಿ. ಕಲ್ಲನ್ನು ಮುಟ್ಟದೆ ತೆಗೆದ ಒಳ್ಳೆಯ ಚಿತ್ರ ಇಂದು ಆ ಕೆಲಸದ ದೊಡ್ಡ ಪಾಲನ್ನು ಮಾಡೀತು. ಸುಣ್ಣ, ಎಣ್ಣೆ, ಬಣ್ಣಗಳು ಬಿದ್ದು ಊರೂರಿನ ಕಲ್ಲುಗಳ ಅಕ್ಷರ ಅಳಿಯುತ್ತಿರುವಾಗ, ಈ ವರ್ಷ ತೆಗೆಯದ ಚಿತ್ರವನ್ನು ಬರುವ ವರ್ಷ ತೆಗೆಯುವೆನೆಂಬ ಭರವಸೆ ಇಲ್ಲ.

ನಾನು ಕೆಂಭಾವಿಗೆ ಮತ್ತೊಮ್ಮೆ ಹೋದಾಗ ನಾಲ್ಕು ನಾಲ್ಕರ ಎರಡು ಕಟ್ಟು ಹೈಡ್ರೈಡ್ ಸೆಲ್ಲುಗಳಿದ್ದುವು. ತುಂಬಿದ ಕಟ್ಟಿಗೆ ಕೆಂಪು ರಬ್ಬರು, ಬರಿದಾದುದಕ್ಕೆ ಕಪ್ಪು. ಕತ್ತಲಾಗುವವರೆಗೆ ಕೆಲಸ ಮಾಡಿಯೂ ಎರಡನೆಯ ಕಟ್ಟು ಪೂರ್ತಿ ಮುಗಿಯಲಿಲ್ಲ. ಹಿಂದಿನ ಸಲದ ಆ ನಾಲ್ಕು ಸೆಲ್ಲುಗಳನ್ನು ಎಸೆದಿರಲಿಲ್ಲ. ಮನೆಯ ಗೋಡೆ ಗಡಿಯಾರ ಅವುಗಳಲ್ಲಿ ಒಂದರ ಮೇಲೆ ಇನ್ನೂ ಓಡುತ್ತಲಿತ್ತು.