ಇಂಗ್ಲಿಷ್ ಮೇಷ್ಟ್ರ ಗಂಟುಮೂಟೆ

ಇಂಗ್ಲಿಷ್ ಕಲಿಸಲೆಂದು ಚೀನಾಕ್ಕೆ ಹೊರಟವರು ತಮ್ಮ ಗಂಟುಮೂಟೆಯಲ್ಲಿ ಏನೇನು ಕಟ್ಟಿಕೊಂಡು ಹೋದರು ಎಂಬುದನ್ನಷ್ಟೇ ಹಿಡಿದು ಇನ್ನೂರು ವರ್ಷಗಳ ಚರಿತ್ರೆ ಬರೆಯಬಹುದು. ಒಬ್ಬ ಬೈಬಲ್ ಕಟ್ಟಿಕೊಂಡ, ಒಬ್ಬ 850 ಪದಗಳ ಪಟ್ಟಿ ಕಟ್ಟಿಕೊಂಡ, ಇನ್ನೊಬ್ಬ ಯುದ್ಧದ ದೆಸೆಯಿಂದ ಪುಸ್ತಕವೇ ಇಲ್ಲದೆ ತರಗತಿಯಲ್ಲಿ ನಿಂತ. ಈಚಿನವರು ಕಟ್ಟಿಕೊಳ್ಳುವುದು ಹೆಚ್ಚಾಗಿ ಕಾಗದಪತ್ರ. ನಾನು ಚೀನಾವನ್ನು ಕಣ್ಣಾರೆ ಕಂಡವನಲ್ಲ. ಮೂವತ್ತು ವರ್ಷ ನಮ್ಮ ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಗಂಟುಮೂಟೆಗಳನ್ನು ಬಿಚ್ಚಿ ನೋಡುವ ಚಪಲ ನನಗೆ ಬಹಳ ದಿನಗಳಿಂದ ಇದೆ.

ಮೊದಲು ನೆನೆಯಬೇಕಾದವನು ರಾಬರ್ಟ್ ಮಾರಿಸನ್. ಅವನು ಹೊರಟದ್ದು ಮತಪ್ರಚಾರಕ್ಕೆ, ಇಂಗ್ಲಿಷ್ ಕಲಿಸುವುದು ಆಮೇಲೆ ಬಂತು. ಲಂಡನ್ನಿನ ಮಿಷನರಿ ಸಂಘ ಅವನನ್ನು ಆರಿಸಿದಾಗ ಇಂಗ್ಲೆಂಡಿನಲ್ಲಿ ಚೀನೀ ಭಾಷೆ ಬಲ್ಲವರನ್ನು ಹುಡುಕಿದರೂ ಸಿಗುವಂತಿರಲಿಲ್ಲ. ಲಂಡನ್ನಿನಲ್ಲಿದ್ದ ಯಾಂಗ್ ಸ್ಯಾಮ್-ಟಕ್ ಎಂಬ ಚೀನೀ ತರುಣನನ್ನು ಗುರುವಾಗಿ ಹಿಡಿದು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಒಂದು ಚೀನೀ ಹಸ್ತಪ್ರತಿಯನ್ನು ಅವನ ನೆರವಿನಿಂದ ಅಕ್ಷರ ಅಕ್ಷರವಾಗಿ ನಕಲು ಮಾಡಿಕೊಂಡ. ಅದೇ ಅವನ ಸಿದ್ಧತೆ. ಒಂದು ದಿನ ಗುರು ಬರೆದುಕೊಟ್ಟಿದ್ದ ಕಾಗದವನ್ನು, ಕಲಿತಾಯಿತಲ್ಲ ಎಂದುಕೊಂಡು, ಮಾರಿಸನ್ ಬೆಂಕಿಗೆ ಹಾಕಿದನಂತೆ. ಗುರುವಿಗೆ ಬಂದ ಸಿಟ್ಟು ಎಷ್ಟೆಂದರೆ ಮೂರು ದಿನ ಪಾಠವೇ ಇಲ್ಲ. ಅಕ್ಷರ ಬರೆದ ಕಾಗದಕ್ಕೆ ಕಾಲು ತಗುಲಿದರೆ ಕಣ್ಣಿಗೆ ಒತ್ತಿಕೊಳ್ಳುವ ನಮಗೆ ಆ ಸಿಟ್ಟನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅಂದಿನಿಂದ ಮಾರಿಸನ್ ತಗಡಿನ ಮೇಲೆ ಬರೆದು ಒರೆಸತೊಡಗಿದನಂತೆ.

ಈಸ್ಟ್ ಇಂಡಿಯಾ ಕಂಪನಿ ಪಾದ್ರಿಗಳನ್ನು ತನ್ನ ಹಡಗಿಗೆ ಹತ್ತಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಅವನು ನ್ಯೂಯಾರ್ಕಿಗೆ ಹೋಗಿ, ಅಲ್ಲಿಂದ ಅಮೆರಿಕದ ಹಡಗು ಹಿಡಿದು 1807ರ ಸೆಪ್ಟೆಂಬರಿನಲ್ಲಿ ಕ್ಯಾಂಟನ್ ಮುಟ್ಟಿದ. ಅಲ್ಲಿ ಚೀನೀಯರು ಪರದೇಶಿಗಳಿಗೆ ತಮ್ಮ ಭಾಷೆ ಕಲಿಸುವುದೇ ಅಪರಾಧವಾಗಿತ್ತು. 1759ರಲ್ಲಿ ಜೇಮ್ಸ್ ಫ್ಲಿಂಟ್ ಎಂಬ ಕಂಪನಿಯ ದುಭಾಷಿ ಚಕ್ರವರ್ತಿಗೆ ಚೀನೀ ಭಾಷೆಯಲ್ಲಿ ದೂರು ಸಲ್ಲಿಸಿದಾಗ, ಅವನಿಗೆ ಮೂರು ವರ್ಷ ಸೆರೆ, ಅದನ್ನು ಬರೆಯಲು ನೆರವಾದ ಚೀನೀಯನಿಗೆ ಶಿರಚ್ಛೇದ. ಮಾರಿಸನ್ನನಿಗೆ ಪಾಠ ಹೇಳುತ್ತಿದ್ದವನೊಬ್ಬ ಸಿಕ್ಕಿಬಿದ್ದರೆ ಇರಲೆಂದು ಮೈಮೇಲೆ ವಿಷ ಇಟ್ಟುಕೊಂಡೇ ಬರುತ್ತಿದ್ದ ಎಂದು ಹೇಳುತ್ತಾರೆ. ಮಾರಿಸನ್ ಮೊದಮೊದಲು ಜಡೆ ಬಿಟ್ಟ, ಉಗುರು ಬೆಳೆಸಿದ, ಚೀನೀ ಉಡುಪು ತೊಟ್ಟ. ಅದರಿಂದೇನೂ ಪ್ರಯೋಜನ ಕಾಣದೆ ಬಿಟ್ಟುಬಿಟ್ಟ. ಭಾಷೆಯನ್ನು ಮಾತ್ರ ಬಿಡಲಿಲ್ಲ. ಅವನ ನಿಘಂಟು 1815ರಿಂದ 1823ರವರೆಗೆ ಸಂಪುಟ ಸಂಪುಟವಾಗಿ ಹೊರಬಂತು. 1818ರಲ್ಲಿ ಮಲಾಕದಲ್ಲಿ ಆಂಗ್ಲೋ-ಚೈನೀಸ್ ಕಾಲೇಜಿಗೆ ಅಡಿಗಲ್ಲು ಬಿತ್ತು. ಅಲ್ಲಿನ ಹುಡುಗರಿಗಾಗಿ ಅವನು ಬರೆದ ಇಂಗ್ಲಿಷ್ ವ್ಯಾಕರಣ 1823ರದು. ಹದಿನಾರು ವರ್ಷ ಅವರ ಮಾತು ಕಲಿತ ಮೇಲೆ ತನ್ನ ಮಾತಿನ ವ್ಯಾಕರಣ ಬರೆದ ಎಂದಾಯಿತು.

ಹಾಗೆಂದು ಮಾರಿಸನ್ನನಿಗೆ ಮುಂಚೆ ಕ್ಯಾಂಟನ್ನಿನಲ್ಲಿ ಇಂಗ್ಲಿಷ್ ಇರಲೇ ಇಲ್ಲವೆಂದಲ್ಲ. ಬಂದರಿನ ವ್ಯಾಪಾರಿಗಳು, ಅಡುಗೆಯವರು, ದೋಣಿಯವರು ಮುರುಕು ಇಂಗ್ಲಿಷಿನಲ್ಲೇ ಕೋಟಿಗಟ್ಟಲೆ ವ್ಯವಹಾರ ನಡೆಸುತ್ತಿದ್ದರು. ಅವರಿಗೆ ಮೇಷ್ಟ್ರಿರಲಿಲ್ಲ. ಇದ್ದದ್ದು ಕೆಲವೇ ಹಾಳೆಗಳ ಚಿಕ್ಕ ಪುಸ್ತಿಕೆ, ಕೆಂಗೂದಲವರ ಮಾತನ್ನು ಕಲಿಸುವುದಕ್ಕೆಂದು ಅಚ್ಚಾದದ್ದು. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರವೂ ಇಲ್ಲ. ಚೀನೀ ಪದ, ಅದರ ಕೆಳಗೆ ಇಂಗ್ಲಿಷ್ ಉಚ್ಚಾರಣೆಗೆ ಹತ್ತಿರದ ಚೀನೀ ಅಕ್ಷರಗಳು, ಅಷ್ಟೇ. ಇದನ್ನು ಓದಿದಾಗ ನನಗೆ ನಗು ಬಂತು. ಕನ್ನಡ ಶಾಲೆಯ ಐದನೆಯ ತರಗತಿಯಲ್ಲಿ ನನ್ನ ಇಂಗ್ಲಿಷ್ ಪುಸ್ತಕದ ಪ್ರತಿ ಸಾಲಿನ ಕೆಳಗೂ ಪೆನ್ಸಿಲಿನಲ್ಲಿ ‘ದಿಸ್ ಈಸ್ ಎ ಕೌ’ ಎಂದು ಕನ್ನಡದಲ್ಲಿ ಬರೆದುಕೊಂಡಿದ್ದೆ. ಮೇಷ್ಟ್ರು ನೋಡಿದರೆ ಬೆತ್ತ ಬೀಳುತ್ತದೆಂದು ಅಂಗೈಯಿಂದ ಮುಚ್ಚಿಕೊಂಡು ಓದುತ್ತಿದ್ದೆ. ಬರೀ ಇಂಗ್ಲಿಷ್ ಕಲಿತವರು ಹೀಗೆ ಮಾಡುವುದಿಲ್ಲ. ತನ್ನದೊಂದು ಭಾಷೆ ಇರುವವನು ಇನ್ನೊಂದನ್ನು ಮನೆಯೊಳಗೆ ಕರೆದುಕೊಳ್ಳುವ ರೀತಿಯೇ ಹೀಗೆ.

ಸರ್ಕಾರವೇ ಇಂಗ್ಲಿಷ್ ಕಲಿಸಲು ಮುಂದಾದದ್ದು ಸೋತ ಮೇಲೆ. 1858ರ ಟಿಯಾನ್‌ಜಿನ್ ಒಪ್ಪಂದದಲ್ಲಿ ಬ್ರಿಟಿಷರು ತಮ್ಮ ಪತ್ರವ್ಯವಹಾರ ಇಂಗ್ಲಿಷಿನಲ್ಲಿ, ಅರ್ಥದ ಜಗಳ ಬಂದರೆ ಇಂಗ್ಲಿಷ್ ಪಾಠವೇ ಪ್ರಮಾಣ ಎಂದು ಬರೆಸಿಕೊಂಡರು. 1862ರಲ್ಲಿ ಪೀಕಿಂಗಿನಲ್ಲಿ ಟುಂಗ್‌ವೆನ್ ಗುವಾನ್ ಎಂಬ ಭಾಷಾಶಾಲೆ ತೆರೆಯಿತು. ವಿದ್ಯಾರ್ಥಿಗಳು ಹತ್ತು ಜನ. ಮೇಷ್ಟ್ರು ಜಾನ್ ಬರ್ಡನ್ ಎಂಬ ಪಾದ್ರಿ. ಷರತ್ತು ಒಂದೇ: ಇಂಗ್ಲಿಷ್ ಹೇಳಿಕೊಡಬೇಕು, ಏಸುವಿನ ಸುದ್ದಿ ಎತ್ತಬಾರದು. ಅದನ್ನು ನೋಡಿಕೊಳ್ಳಲು ಪಕ್ಕದಲ್ಲೊಬ್ಬ ಚೀನೀ ಪಂಡಿತ. ಪಾದ್ರಿಯ ಗಂಟುಮೂಟೆಯಲ್ಲಿ ಅವನಿಗೆ ಯಾವುದು ಎಲ್ಲಕ್ಕಿಂತ ಮುಖ್ಯವೋ ಅದನ್ನೇ ಬಾಗಿಲಲ್ಲಿ ಇಳಿಸಿ ಬಾ ಎಂದಂತಾಯಿತು. ಆ ಶಾಲೆಯ ಹಳೆಯ ವಿದ್ಯಾರ್ಥಿಗಳಿಬ್ಬರು 1891ರ ಕೊನೆಯಲ್ಲಿ ಗುವಾಂಗ್‌ಶು ಚಕ್ರವರ್ತಿಗೇ ಇಂಗ್ಲಿಷ್ ಕಲಿಸತೊಡಗಿದರು. ರಾಜಕುಮಾರರು, ಮಂತ್ರಿಗಳು ಮಂಡಿಯೂರಿ ಇರಬೇಕಾದ ಸನ್ನಿಧಿಯಲ್ಲಿ ಈ ಇಬ್ಬರು ಮೇಷ್ಟ್ರುಗಳಿಗೆ ಕೂತುಕೊಳ್ಳಲು ಅಪ್ಪಣೆಯಿತ್ತಂತೆ. ನಮ್ಮ ವೃತ್ತಿಗೆ ಅಂಥ ಮರ್ಯಾದೆ ಆಮೇಲೆ ಎಲ್ಲೂ ಸಿಕ್ಕ ಹಾಗೆ ಕಾಣೆ. ಇಬ್ಬರೂ ಚೀನಾದವರೇ ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಏಕೆ ಹೇಳುತ್ತೇನೆಂದರೆ, ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಚೀನಾದಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದಳು. ಎಂ.ಎ. ಪದವಿ, ಆರು ವರ್ಷ ಪಾಠ ಹೇಳಿದ ಅನುಭವ. ಪದವಿ ಪತ್ರಕ್ಕೆ ನೋಟರಿ ಮುದ್ರೆ, ಪೊಲೀಸರಿಂದ ನಡತೆಯ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಎಂದು ಎರಡು ತಿಂಗಳು ಅಲೆದಳು. ಸೂಟ್‌ಕೇಸೂ ಕೊಂಡಳು. ಕೊನೆಗೆ ಒಂದು ದಿನ ಮನೆಗೆ ಬಂದು, “ಸರ್, ಆಗಲಿಲ್ಲ” ಎಂದಳು.

“ಸಂದರ್ಶನದಲ್ಲಿ ನಿನ್ನ ಇಂಗ್ಲಿಷ್ ಸಾಲದೆಂದರೇನಮ್ಮ?”

“ಇಂಗ್ಲಿಷ್ ಚೆನ್ನಾಗಿದೆಯಂತೆ ಸರ್. ದೇಶ ಸರಿಯಿಲ್ಲವಂತೆ.”

ಅದು ಆ ಶಾಲೆಯವರ ಕೊಂಕಲ್ಲ. 2017ರಲ್ಲಿ ಚೀನಾ ದೇಶಾದ್ಯಂತ ಜಾರಿಗೆ ತಂದ ಕೆಲಸದ ಪರವಾನಗಿಯ ನಿಯಮದಲ್ಲೇ ಆ ಮಾತಿದೆ. ಭಾಷೆ ಕಲಿಸುವ ವಿದೇಶೀಯರು ಪದವೀಧರರಾಗಿರಬೇಕು, ಎರಡು ವರ್ಷದ ಅನುಭವ ಇರಬೇಕು, ತತ್ವತಃ ತಮ್ಮ ಮಾತೃದೇಶದ ಮಾತೃಭಾಷೆಯನ್ನೇ ಕಲಿಸಬೇಕು. ಹಾಗೆ ನೋಡಿದರೆ ನಾನೂ ಅವಳೂ ಚೀನಾದಲ್ಲಿ ಕಲಿಸಬಹುದಾದದ್ದು ಕನ್ನಡವನ್ನು. ಅದಕ್ಕೆ ಅಲ್ಲಿ ಗಿರಾಕಿ ಎಷ್ಟೆಂಬುದು ಬೇರೆ ಮಾತು. ನಿಯಮ ಮಾಡಿದವರಿಗೆ ಅವರ ಕಾರಣಗಳಿದ್ದಾವು. ಗೊತ್ತುಗುರಿಯಿಲ್ಲದೆ ಬರುತ್ತಿದ್ದವರನ್ನು ಸೋಸಲು ಏನಾದರೊಂದು ಜರಡಿ ಬೇಕು. ಆದರೆ ಚೀನಾದ ಚರಿತ್ರೆಯೇ ಈ ಜರಡಿಗೆ ಸಾಕ್ಷಿ ಹೇಳುವುದಿಲ್ಲ ಎಂಬುದು ನನ್ನ ತಕರಾರು. ಆ ಸಾಕ್ಷಿಗಾಗಿ 1937ಕ್ಕೆ ಹೋಗಬೇಕು.

ಆ ವರ್ಷ ವಿಲಿಯಂ ಎಂಪ್ಸನ್ ಎಂಬ ಮೂವತ್ತು ವರ್ಷದ ಇಂಗ್ಲಿಷ್ ಕವಿಗೆ ಪೀಕಿಂಗ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಸಿಕ್ಕಿತು. ನಮ್ಮ ಎಂ.ಎ. ತರಗತಿಗಳಲ್ಲಿ ಇವನ ಹೆಸರು ಕೇಳದವರಿಲ್ಲ. ಕವಿತೆಯ ಮಾತಿಗೆ ಏಳು ಬಗೆಯ ಸಂದಿಗ್ಧಗಳಿವೆ ಎಂದು 1930ರಲ್ಲಿ ಪುಸ್ತಕ ಬರೆದು, ನಮ್ಮಂಥವರಿಗೆ ಪರೀಕ್ಷೆಯಲ್ಲಿ ಎಂಟನೆಯ ಸಂದಿಗ್ಧವನ್ನು ತಂದಿಟ್ಟವನು. ಅವನ ಗುರು ಐ. ಎ. ರಿಚರ್ಡ್ಸ್ ಆಗ ಚೀನಾದಲ್ಲಿಯೇ ಇದ್ದ. ರಿಚರ್ಡ್ಸ್‌ನ ಸಿದ್ಧತೆ ಅಚ್ಚುಕಟ್ಟಾದದ್ದು: 850 ಪದಗಳ ‘ಬೇಸಿಕ್ ಇಂಗ್ಲಿಷ್’ ಅನ್ನು ಚೀನಾದ ಶಾಲೆಗಳಿಗೆಲ್ಲ ತರುವ ಯೋಜನೆ, ಸರ್ಕಾರದ ಒಪ್ಪಿಗೆಯೂ ಸಿಕ್ಕಿತ್ತು. ಎಂಪ್ಸನ್ ಸೈಬೀರಿಯದ ರೈಲಿನಲ್ಲಿ ಬಂದು ಇಳಿಯುವ ಹೊತ್ತಿಗೆ, ಅಂದರೆ 1937ರ ಆಗಸ್ಟಿನಲ್ಲಿ, ಜಪಾನಿನ ಸೈನ್ಯ ಪೀಕಿಂಗನ್ನು ಹಿಡಿದಾಗಿತ್ತು. ಜುಲೈ 7ರಂದು ಮಾರ್ಕೋ ಪೋಲೋ ಸೇತುವೆಯ ಬಳಿ ಹಾರಿದ ಗುಂಡು ರಿಚರ್ಡ್ಸ್‌ನ 850 ಪದಗಳನ್ನೂ ಹೊಡೆದು ಕೆಡವಿತು. ಎಂಪ್ಸನ್ನನಿಗೆ ಕೆಲಸ ಕೊಟ್ಟ ವಿಶ್ವವಿದ್ಯಾನಿಲಯವೇ ಅಲ್ಲಿರಲಿಲ್ಲ. ಅದು ದಕ್ಷಿಣಕ್ಕೆ ಓಡಿಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಮುಂದಿನ ಹಡಗು ಹಿಡಿದು ಊರಿಗೆ ಮರಳುತ್ತಿದ್ದರು. ಎಂಪ್ಸನ್ ಓಡಿಹೋದ ವಿಶ್ವವಿದ್ಯಾನಿಲಯವನ್ನು ಹುಡುಕಿಕೊಂಡು ಹೊರಟ. ಪೀಕಿಂಗ್, ಚಿಂಗ್ಹುವಾ, ನಾನ್‌ಕಾಯ್ ಎಂಬ ಮೂರು ವಿಶ್ವವಿದ್ಯಾನಿಲಯಗಳು ಒಂದಾಗಿ ಹುನಾನ್ ಪ್ರಾಂತದ ಚಾಂಗ್ಷಾದಲ್ಲಿ ತಾತ್ಕಾಲಿಕವಾಗಿ ನಿಂತಿದ್ದವು. ಸಾಹಿತ್ಯದ ವಿಭಾಗಗಳು ಮಾತ್ರ ನಾನ್‌ಯುಎ ಎಂಬ ಪುಣ್ಯಪರ್ವತದ ತಪ್ಪಲಲ್ಲಿದ್ದವು. ಗ್ರಂಥಭಂಡಾರಗಳು ಉತ್ತರದಲ್ಲೇ ಉಳಿದಿದ್ದವು. ಇಂಗ್ಲಿಷ್ ಸಾಹಿತ್ಯ ಕಲಿಸಬೇಕು, ಇಂಗ್ಲಿಷ್ ಪುಸ್ತಕವಿಲ್ಲ. ಎಂಪ್ಸನ್ ತನಗೆ ಬಾಯಿಪಾಠವಿದ್ದ ಕವಿತೆಗಳನ್ನು ಟೈಪ್ ಮಾಡಿ ಹಂಚಿದ. ಷೇಕ್ಸ್‌ಪಿಯರನ ಒಥೆಲೋವನ್ನೂ ನೆನಪಿನಿಂದಲೇ ಟೈಪ್ ಮಾಡಿಕೊಟ್ಟ ಎಂದು ವಿದ್ಯಾರ್ಥಿಗಳು ಮುಂದೆ ಹೇಳುತ್ತಿದ್ದರು. ಪೂರ್ತಿ ನಾಟಕವೋ ಮುಖ್ಯ ಭಾಗಗಳೋ, ಅದರ ಗೊಡವೆ ನನಗೆ ಬೇಡ. ಕಂಠಪಾಠವನ್ನು ಗಿಳಿಪಾಠವೆಂದು ಹೀಯಾಳಿಸುವ ನಮ್ಮ ಶಿಕ್ಷಣತಜ್ಞರು ಒಮ್ಮೆ ಆ ಬೆಟ್ಟದ ತಪ್ಪಲನ್ನು ನೆನೆದುಕೊಳ್ಳಲಿ.

ಒಂದು ಚಳಿಗಾಲ ಕಳೆಯುವುದರೊಳಗೆ ಯುದ್ಧ ಅಲ್ಲಿಗೂ ಹತ್ತಿರವಾಯಿತು. 1938ರ ಮೊದಲಲ್ಲಿ ವಿಶ್ವವಿದ್ಯಾನಿಲಯ ಯುನ್ನಾನಿನ ಕುನ್ಮಿಂಗಿಗೆ ಹೊರಟಿತು. ಇನ್ನೂರೈವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು, ಕೆಲವು ಅಧ್ಯಾಪಕರು 68 ದಿನಗಳಲ್ಲಿ ಒಂದೂವರೆ ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯನ್ನು ಬಹುಮಟ್ಟಿಗೆ ನಡೆದೇ ಮುಗಿಸಿದರು. ಅವರಲ್ಲಿ ಮುಂದೆ ಮೂ ದಾನ್ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾದ ಕವಿಯೂ ಇದ್ದ. ಅವನ ಕೈಯಲ್ಲಿ ಒಂದು ಪುಟ್ಟ ಇಂಗ್ಲಿಷ್-ಚೀನೀ ನಿಘಂಟು. ನಡೆಯುತ್ತ ಪುಟ ಬಾಯಿಪಾಠ ಮಾಡುವುದು, ಆದ ಮೇಲೆ ಆ ಪುಟ ಹರಿದು ಎಸೆಯುವುದು. ಕುನ್ಮಿಂಗ್ ತಲುಪುವ ಹೊತ್ತಿಗೆ ನಿಘಂಟು ಮುಗಿದಿತ್ತು ಎಂದು ಕಥೆ ಹೇಳುತ್ತಾರೆ. ಮಾರಿಸನ್ ಬೆಂಕಿಗೆ ಹಾಕಿದ ಕಾಗದಕ್ಕೂ ಇವನು ಹರಿದ ಹಾಳೆಗೂ ಎಷ್ಟು ಅಂತರ!

ಎಂಪ್ಸನ್ 1939ರವರೆಗೆ ಅವರ ಜೊತೆಗಿದ್ದ. ಯುದ್ಧ ಮುಗಿದ ಮೇಲೆ 1947ರಲ್ಲಿ ಹೆಂಡತಿ ಮಕ್ಕಳೊಂದಿಗೆ ಪೀಕಿಂಗಿಗೆ ಮರಳಿ ಬಂದು 1952ರವರೆಗೆ ಪಾಠ ಹೇಳಿದ. ನಡುವೆ ಕಮ್ಯುನಿಸ್ಟರು ನಗರವನ್ನು ಮುತ್ತಿ ಗೆದ್ದದ್ದನ್ನೂ ಅಲ್ಲೇ ಇದ್ದು ನೋಡಿದ. ಅವನಿಗೆ ಚೀನೀ ಭಾಷೆ ಅಷ್ಟಾಗಿ ಹತ್ತಲಿಲ್ಲ ಎಂಬುದನ್ನೂ ಹೇಳಬೇಕು. ಮಾರಿಸನ್ನನ ತಕ್ಕಡಿಯಲ್ಲಿ ತೂಗಿದರೆ ಅದು ಕೊರತೆಯೇ.

ಆದರೆ ಈ ಕಥೆಯಲ್ಲಿ ನನಗೆ ಎಂಪ್ಸನ್ನನಿಗಿಂತ ಅವನೆದುರು ಕೂತಿದ್ದವರು ಮುಖ್ಯ. ಆ ಬೆಂಚುಗಳಲ್ಲಿ ಷು ಗುವೋಜಾಂಗ್ ಎಂಬ ಹುಡುಗನಿದ್ದ, ವಾಂಗ್ ಜೂವೋಲಿಯಾಂಗ್ ಎಂಬ ಹುಡುಗನಿದ್ದ. ವಾಂಗ್ ಚೀನಾದಲ್ಲಿ ಇಂಗ್ಲಿಷ್ ಸಾಹಿತ್ಯದ ದೊಡ್ಡ ವಿದ್ವಾಂಸನಾದ. ಷು 1960ರ ದಶಕದಲ್ಲಿ ಕಾಲೇಜುಗಳಿಗಾಗಿ ಇಂಗ್ಲಿಷ್ ಪಠ್ಯಪುಸ್ತಕ ರಚಿಸಿದ. ಸಾಂಸ್ಕೃತಿಕ ಕ್ರಾಂತಿಯ ಹತ್ತು ವರ್ಷ ಇಂಗ್ಲಿಷ್ ಬಲ್ಲವನೆಂದರೆ ಗೂಢಚಾರನೆಂಬ ಗುಮಾನಿ. ಅದು ಕಳೆದು 1977ರಲ್ಲಿ ಕಾಲೇಜು ಪ್ರವೇಶ ಪರೀಕ್ಷೆಗಳು ಮತ್ತೆ ಶುರುವಾದಾಗ, ಹಳ್ಳಿಗಳಿಂದ ಕಾರ್ಖಾನೆಗಳಿಂದ ಓದಲು ಹಿಂದಿರುಗಿದ ಒಂದು ತಲೆಮಾರೇ ಆ ಪುಸ್ತಕವನ್ನು ಕೈಗೆತ್ತಿಕೊಂಡಿತು. ಪುಸ್ತಕಕ್ಕೆ ಜನ ಅವನ ಹೆಸರನ್ನೇ ಇಟ್ಟು ‘ಷು ಗುವೋಜಾಂಗ್ ಇಂಗ್ಲಿಷ್’ ಎನ್ನುತ್ತಿದ್ದರು. ನಮ್ಮ ವಿದ್ಯಾರ್ಥಿನಿಯ ಅರ್ಜಿಯನ್ನು ಹಿಂದಕ್ಕೆ ಕಳಿಸಿದ ಜರಡಿಯಲ್ಲಿ ಹಾಕಿದರೆ ಈ ಪುಣ್ಯಾತ್ಮನೂ ಕೆಳಗೆ ಬೀಳುವವನೇ.

ಷು ಮತ್ತು ವಾಂಗ್ ಇಬ್ಬರೂ ಬಾಳಿನುದ್ದಕ್ಕೂ ಪಾಠ ಹೇಳಿದ್ದು ಪೀಕಿಂಗಿನ ವಿದೇಶೀ ಭಾಷೆಗಳ ಸಂಸ್ಥೆಯಲ್ಲಿ. ಅಲ್ಲಿಯೇ ಡೇವಿಡ್ ಕ್ರೂಕ್ ಮತ್ತು ಇಸಬೆಲ್ ಕ್ರೂಕ್ ದಂಪತಿಗಳೂ ಇದ್ದರು. ಇವರಿಬ್ಬರೂ ಚೀನಾದ ಹಳ್ಳಿಯೊಂದರ ಭೂಸುಧಾರಣೆಯನ್ನು ಅಭ್ಯಾಸ ಮಾಡಲು ಬಂದಿದ್ದವರು. 1948ರಲ್ಲಿ ಕ್ರಾಂತಿಕಾರಿಗಳು ಹಳ್ಳಿಯೊಂದರಲ್ಲಿ ತೆರೆದ ಭಾಷಾಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡಿ ಎಂದು ಕೇಳಿದ್ದಕ್ಕೆ ಒಪ್ಪಿ, ಅಲ್ಲೇ ಉಳಿದುಬಿಟ್ಟರು. ಡೇವಿಡ್ 1967ರಿಂದ 1973ರವರೆಗೆ ಗೂಢಚಾರನೆಂಬ ಆರೋಪದ ಮೇಲೆ ಸೆರೆಮನೆಯಲ್ಲಿದ್ದ. ಬಿಡುಗಡೆಯಾದ ಮೇಲೂ ದೇಶ ಬಿಡಲಿಲ್ಲ. ಇಸಬೆಲ್ ಚೀನಾದಲ್ಲಿಯೇ, ಚೆಂಗ್ಡುವಿನಲ್ಲಿ, 1915ರಲ್ಲಿ ಹುಟ್ಟಿದವರು. 2023ರಲ್ಲಿ 107ನೆಯ ವಯಸ್ಸಿನಲ್ಲಿ ಬೀಜಿಂಗಿನಲ್ಲಿ ತೀರಿಕೊಂಡರು. ಇಂಥವರ ಗಂಟುಮೂಟೆಯನ್ನು ಏನೆಂದು ಬಿಚ್ಚಿ ನೋಡುವುದು?

ಈಚಿನ ಸಂಗತಿಗಳನ್ನು ಚುಟುಕಾಗಿ ಹೇಳಬಹುದು. 1993ರಿಂದ 2020ರವರೆಗೆ ಅಮೆರಿಕದ ಪೀಸ್ ಕೋರ್ ಸಾವಿರಕ್ಕೂ ಹೆಚ್ಚು ತರುಣರನ್ನು ಅಲ್ಲಿಗೆ ಕಳಿಸಿತು. ‘ಶಾಂತಿದಳ’ ಎಂಬ ಹೆಸರಿನ ಬಗ್ಗೆ ಚೀನೀಯರಿಗೆ ಹಳೆಯ ಅನುಮಾನವಿದ್ದುದರಿಂದ ಅವರನ್ನು ‘ಸ್ನೇಹ ಸ್ವಯಂಸೇವಕರು’ ಎಂದು ಕರೆಯಲಾಯಿತು. 2021ರ ಜುಲೈಯಲ್ಲಿ ಸರ್ಕಾರ ಶಾಲಾ ಮಕ್ಕಳ ಮನೆಪಾಠದ ವ್ಯಾಪಾರಕ್ಕೆ ಕಡಿವಾಣ ಹಾಕಿ, ಹೊರದೇಶದಲ್ಲಿ ಕೂತ ಮೇಷ್ಟ್ರುಗಳಿಂದ ದೂರಪಾಠ ಹೇಳಿಸುವುದನ್ನೂ ನಿಲ್ಲಿಸಿತು. ನನ್ನ ವಿದ್ಯಾರ್ಥಿನಿ ಬೆಂಗಳೂರಿನಲ್ಲಿ ಚೀನೀ ಭಾಷೆ ಕಲಿಯಲು ಸೇರಿಕೊಂಡಳು. ಸುಮಾರು ಆರುನೂರು ಅಕ್ಷರ ಬರೆಯಬಲ್ಲಳು. ಕೊಂಡ ಸೂಟ್‌ಕೇಸಿನಲ್ಲಿ ಅಕ್ಷರ ತಿದ್ದಿದ ನೋಟುಪುಸ್ತಕಗಳನ್ನು ಇಟ್ಟಿದ್ದಾಳೆ.

ಪೀಸ್ ಕೋರಿನ ಆ ತರುಣರಲ್ಲಿ ಪೀಟರ್ ಹೆಸ್ಲರ್ ಒಬ್ಬ. 1996ರಿಂದ ಎರಡು ವರ್ಷ ಯಾಂಗ್ಟ್ಸೆ ನದಿಯ ದಂಡೆಯ ಫುಲಿಂಗ್ ಎಂಬ ಊರಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು, 2001ರಲ್ಲಿ ಅದರ ಬಗ್ಗೆ ಪುಸ್ತಕ ಬರೆದು ಹೆಸರಾದ. ಅವನ ತರಗತಿಯಲ್ಲಿದ್ದವರು ಹೆಚ್ಚಾಗಿ ರೈತರ ಮಕ್ಕಳು. ಷೇಕ್ಸ್‌ಪಿಯರನ ನಾಟಕಗಳನ್ನು ಆಡಿದರು, ಪದವಿ ಪಡೆದರು, ತಮ್ಮ ತಮ್ಮ ಸೀಮೆಯ ಸಣ್ಣ ಊರುಗಳಿಗೆ ಇಂಗ್ಲಿಷ್ ಮೇಷ್ಟ್ರಾಗಿ ಹೋದರು. ಇಪ್ಪತ್ತು ವರ್ಷದ ಮೇಲೆ, 2019ರಲ್ಲಿ, ಅವನು ಮತ್ತೆ ಸಿಚುವಾನಿಗೆ ಪಾಠ ಹೇಳಲು ಬಂದಾಗಲೂ ಅವರಲ್ಲಿ ಅನೇಕರು ಶಾಲೆಗಳಲ್ಲಿ ಅದೇ ಕೆಲಸ ಮಾಡುತ್ತಿದ್ದರು.